ಬೊಬ್ಬೆ

ಡಾಕ್ಟರು ಹೇಳಿದ ಹೆಸರು ಉದ್ದವಿತ್ತು,
ಚೀಟಿಯ ಅಂಚಿಗೆ ಬಂದು ಕೆಳಗಿನ ಸಾಲಿಗೆ ಇಳಿದಿತ್ತು.
ನಮ್ಮ ಓಣಿಯಲ್ಲಿ ಅದಕ್ಕೆ ಬೊಬ್ಬೆ ಅಂದರೆ ಸಾಕು.
ಸುಟ್ಟರೆ ಏಳುವುದೂ ಬೊಬ್ಬೆ,
ಸುಟ್ಟಾಗ ಹಾಕುವುದೂ ಬೊಬ್ಬೆ.
ನನ್ನ ತಸ್ಲೀಮಳಿಗೆ ಮೊದಲನೆಯದು ಗಂಟಲ ತುಂಬ ಇದೆ,
ಅದಕ್ಕೇ ಎರಡನೆಯದು ಬರುವುದಿಲ್ಲ.

ಮಂಡಕ್ಕಿ ಭಟ್ಟಿಯಲ್ಲಿ ನಾನು ಜರಡಿ ಹಿಡಿಯುವವಳು.
ಕಾದ ಮರಳಿಗೆ ಅಕ್ಕಿ ಬಿದ್ದದ್ದೇ ತಡ
ಚಟಚಟ ಉಬ್ಬಿ, ಬೆಳ್ಳಗಾಗಿ, ಹಗುರಾಗಿ
ನಗುತ್ತ ಮೇಲೆ ಬರುತ್ತದೆ.
ಮದುವೆಗೆ ಮುಂಚಿನಿಂದ ಅದನ್ನೇ ನೋಡಿದ ಕಣ್ಣು
ಹೆತ್ತ ಮೂರನೆಯ ದಿನ ಕೂಸಿನ ಬಾಯೊಳಗೆ ನೋಡಿತು:
ಮೊಲೆತೊಟ್ಟು ತಾಗಿದಷ್ಟೂ ಜಾಗ ಉಬ್ಬಿತ್ತು.
ನನ್ನ ಹಾಲೂ ಮರಳಿನಂತೆ ಕಾದಿತ್ತೇ ಎಂದು
ಎದೆಗೆ ಒದ್ದೆ ಬಟ್ಟೆ ಸುತ್ತಿಕೊಂಡು ಕೂತಿದ್ದೆ.

ಅತ್ತೆ ಪೀರಮ್ಮ ದರ್ಗಾದಿಂದ ಊದಿ ತಂದಳು.
ಎದುರುಮನೆಯ ಗೌರಕ್ಕ ಉಷ್ಣ ಅಂದು ಕೊತ್ತಂಬರಿ ನೀರು ತಂದಳು.
ಗ್ರಹಣದ ದಿನ ಏನು ಕೊಯ್ದೆ, ಯಾರೋ ಕೇಳಿದರು.
ಗ್ರಹಣದ ದಿನ ಹೊಟ್ಟು ತೂರಿದ್ದೆ,
ಹಿಂದಿನ ದಿನದ ಹಾಗೇ, ಮರುದಿನದ ಹಾಗೇ.

ನಾನೂ ನನ್ನ ಗಂಡನೂ ಒಬ್ಬಳೇ ಅಜ್ಜಿಯ ಮೊಮ್ಮಕ್ಕಳು.
ಇಬ್ಬರ ಒಳಗೂ ಒಂದೇ ಅಕ್ಷರ ತಪ್ಪಾಗಿದೆ ಎಂದರು ಡಾಕ್ಟರು,
ಒಬ್ಬರದು ಸರಿಯಿದ್ದರೂ ಸಾಕಿತ್ತು, ಮುಚ್ಚಿಹೋಗುತ್ತಿತ್ತು.
ಅಜ್ಜಿ ಬಿಟ್ಟುಹೋದದ್ದು ಒಂದು ಹಿತ್ತಾಳೆ ಹಂಡೆ,
ಹತ್ತಿ ಹಿಂಜುವ ಬಿಲ್ಲು, ಇಷ್ಟೇ ಅಂದುಕೊಂಡಿದ್ದೆವು.
ಆ ರಾತ್ರಿ ಅವನು ಸೈಕಲ್ ಚೈನಿಗೆ ಎಣ್ಣೆ ಬಿಡುತ್ತಲೇ ಇದ್ದ,
ತೊಟ್ಟಿಕ್ಕಿ ನೆಲ ಕಪ್ಪಾಗುವವರೆಗೆ.

ಈಗ ಅವಳಿಗೆ ಒಂಬತ್ತು.
ಸಂಜೆಯಾದರೆ ಇಡೀ ದಾವಣಗೆರೆ ಮಂಡಕ್ಕಿ ತಿನ್ನುತ್ತದೆ.
ಉಸಿರು ಬಿಟ್ಟರೆ ಹಾರುವ ಆ ಕಾಳು
ಇವಳ ಅಂಗುಳಕ್ಕೆ ಗಾಜಿನ ಚೂರು.
ಇವಳದು ಆರಿದ ರಾಗಿ ಗಂಜಿ, ಬಟ್ಟೆಯಲ್ಲಿ ಸೋಸಿದ್ದು.
ಸಂಬಳದ ದಿನ ಮೂವರೂ ದೋಸೆ ಹೋಟೆಲಿಗೆ ಹೋಗುತ್ತೇವೆ.
ದೋಸೆ ನಮಗೆ, ಮೇಲಿನ ಬೆಣ್ಣೆ ಅವಳಿಗೆ.
ಕರಗುವ ಮುಂಚೆ ಚಮಚದ ಬೆನ್ನಿಂದ ಎತ್ತಿಕೊಳ್ಳಬೇಕು.
ಮಾಣಿಗೆ ಗೊತ್ತಾಗಿದೆ,
ಕೇಳದೆಯೇ ಇನ್ನೊಂದು ಉಂಡೆ ಇಟ್ಟು ಹೋಗುತ್ತಾನೆ,
ಬಿಲ್ಲಿಗೆ ಬರೆಯುವುದಿಲ್ಲ.

ಹಲ್ಲಿನ ಕಾಲೇಜಿನಲ್ಲಿ ಬಿಳಿ ಕೋಟಿನವರು ಸಾಲಾಗಿ ನಿಂತರು.
ಆ ಮಾಡು, ಇನ್ನೂ ಅಗಲ, ಎಂದರು.
ಹನ್ನೊಂದು ಜನ ಬಗ್ಗಿ ಬಗ್ಗಿ ನೋಡಿ ಬರೆದುಕೊಂಡರು.
ಹನ್ನೆರಡನೆಯವನು ಬಂದಾಗ ತಸ್ಲೀಮ ಬಾಯಿ ಮುಚ್ಚಿದಳು.
ಈಗ ನಿಂದು ತೆಗಿ, ಅಂದಳು, ಗೊಗ್ಗರು ದನಿಯಲ್ಲಿ.
ಆ ಹುಡುಗ ನಕ್ಕ, ಅತ್ತಿತ್ತ ನೋಡಿದ, ಆಮೇಲೆ ತೆಗೆದ.
ಇವಳು ಟಾರ್ಚ್ ಇಸಿದುಕೊಂಡು ಬಹಳ ಹೊತ್ತು ನೋಡಿದಳು,
ಒಂದೂ ಗಾಯವಿಲ್ಲದ ಒಂದು ಗಂಟಲು ಹೇಗಿರುತ್ತದೆಂದು.
ಬಸ್ಸಿನಲ್ಲಿ ಹೇಳಿದಳು, ಅವ್ವಾ, ಒಳಗೆಲ್ಲ ನುಣ್ಣಗೆ,
ಆದ್ರೂ ದವಡೆ ಹಲ್ಲು ಹುಳುಕು.

ಕೈಕಾಲಿನವನ್ನು ಕುದಿಸಿದ ಸೂಜಿಯಿಂದ ಚುಚ್ಚಿ
ನೀರು ಬಸಿದು ಹತ್ತಿ ಒತ್ತುತ್ತೇನೆ.
ಗಂಟಲಿನವು ನನ್ನ ಕೈಗೆ ಸಿಗುವುದಿಲ್ಲ.
ರಾತ್ರಿ ತಾವಾಗಿಯೇ ಒಡೆಯುತ್ತವೆ.
ಅವಳು ಉಗುಳು ನುಂಗುವ ಸದ್ದು ಒಮ್ಮೆ ನಿಂತು
ಮತ್ತೆ ಶುರುವಾಗುತ್ತದೆ, ಅಷ್ಟೇ ನನಗೆ ತಿಳಿಯುವುದು.

ನಿನ್ನೆ ಭಟ್ಟಿಯ ಹಿಂದೆ, ಹಳಿಯ ಹತ್ತಿರ,
ಹುಬ್ಬಳ್ಳಿ ಕಡೆಯ ರೈಲು ಗಡಗಡ ಬಂದಾಗ
ಯಾರಿಗೂ ಕೇಳದೆಂದು ನಾನು ಬೊಬ್ಬೆ ಹಾಕಿದೆ,
ಹೊಟ್ಟೆಯಿಂದ, ಕುತ್ತಿಗೆಯ ನರ ಉಬ್ಬುವ ಹಾಗೆ.
ಹಿಂದೆಯೇ ಬಂದಿದ್ದಾಳೆ ಇವಳು, ಗೊತ್ತಿರಲಿಲ್ಲ.
ಬಟ್ಟೆ ಸುತ್ತಿದ ಕೈಯೆತ್ತಿ
ನನ್ನ ಗಂಟಲ ಮೇಲೆ ಮೆಲ್ಲಗೆ ಇಟ್ಟಳು,
ಒಳಗೆ ನಡುಗುವುದು ನಿಲ್ಲುವವರೆಗೂ ತೆಗೆಯಲಿಲ್ಲ.

ಇನ್ನೊಮ್ಮೆ, ಅಂದಳು.

ರೈಲು ಹೋಗಿಬಿಟ್ಟಿತ್ತು.
ಗೂಡ್ಸ್ ಗಾಡಿ ಬರುತ್ತದೆ ತಡಿ, ಅಂದೆ,
ಅದು ಉದ್ದ ಇರುತ್ತದೆ.